ಪೇಟೆಯ ಬೀದಿ ಯಾರದು?

ಪೇಟೆಯ ನಡುವೆ ಧರಣಿ, ಮೋರ್ಚಾ, ರಸ್ತೆತಡೆ ನಡೆದಾಗಲೆಲ್ಲ ನಮ್ಮ ಜಿಲ್ಲೆಯ ಅಂಗಡಿಕಾರರ ಬಾಯಿಂದ ಒಂದೇ ಮಾತು ಹೊರಡುತ್ತದೆ: "ನಿಮ್ಮ ಜಗಳ ಸರಕಾರದ ಕೂಡ, ನಮ್ಮ ಬಾಗಿಲ ಮುಂದೆ ಯಾಕೆ?" ಹಾವೇರಿಯ ಹೊಸಮನಿ ಸಿದ್ದಪ್ಪ ವೃತ್ತದ ಸುತ್ತಿನವರು, ರಾಣೇಬೆನ್ನೂರಿನ ಪಿ.ಬಿ. ರಸ್ತೆಯವರು, ಬ್ಯಾಡಗಿಯ ಮುಖ್ಯರಸ್ತೆಯವರು, ಎಲ್ಲರ ದೂರೂ ಒಂದೇ. ಚಳವಳಿಗಾರರಲ್ಲಿ ಕೆಲವರು ಇದನ್ನು ಕೇಳಿದೊಡನೆ ಬಂಡವಾಳಗಾರರ ಕೂಗೆಂದು ತಳ್ಳಿಹಾಕುತ್ತಾರೆ. ನಾವು ಹಾಗೆ ತಳ್ಳಿಹಾಕಲಾರೆವು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡುವ ಹೊಣೆ ಬೀದಿಗಿಳಿಯುವವರ ಮೇಲಿದೆ.

ಮೊದಲು ಪೇಟೆಯೆಂದರೆ ಯಾರೆಂಬುದನ್ನು ನೋಡೋಣ. ಪೇಟೆಯಲ್ಲಿ ದೊಡ್ಡ ಜವಳಿ ಅಂಗಡಿಯ ಸಾಹುಕಾರರಿದ್ದಾರೆ, ಅಡತಿ ವರ್ತಕರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಬೀದಿಯಲ್ಲಿ ಬಡ್ಡಿ ಸಾಲ ತಂದು ಕಿರಾಣಿ ಅಂಗಡಿ ಇಟ್ಟವನಿದ್ದಾನೆ. ಬಾಡಿಗೆಯ ಮಳಿಗೆಯಲ್ಲಿ ಹೊಲಿಗೆ ಯಂತ್ರ ತುಳಿಯುವವನಿದ್ದಾನೆ. ಮಿರ್ಚಿ ಭಜಿಯ ಕೈಗಾಡಿಯವನು, ಹೂವು ಮಾರುವ ಮುದುಕಿ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳು, ಜವಳಿ ಅಂಗಡಿಯಲ್ಲಿ ದಿನಗೂಲಿಗೆ ಸೀರೆ ಬಿಡಿಸಿ ತೋರಿಸುವ ಹುಡುಗಿ, ಇವರೆಲ್ಲರೂ ಪೇಟೆಯವರೇ. ಒಂದು ದಿನ ಬಾಗಿಲು ಮುಚ್ಚಿದರೆ ಸಾಹುಕಾರರಿಗೆ ಆಗುವುದು ಲಾಭದ ಕೊರತೆ. ಕೈಗಾಡಿಯವನ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುವುದೇ ಅನುಮಾನ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದಂತಿದೆ. ಬಡವರ ಹೆಸರಿನಲ್ಲಿ ನಡೆಯುವ ಚಳವಳಿ ಬಡವನ ಅಂದಿನ ಗಳಿಕೆಯನ್ನೇ ಕಸಿಯುವುದಾದರೆ ಅದು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ.

ಇನ್ನು ಮತ್ತೊಂದು ಮಗ್ಗುಲು. ಹೊಲದಲ್ಲಿ ನಿಂತು ಕೂಗಿದರೆ ಕೇಳುವವರು ಯಾರು? ರೈತನಿಗೆ ವೃತ್ತಪತ್ರಿಕೆಯಿಲ್ಲ, ಮಂತ್ರಿಗಳ ಕೋಣೆಗೆ ನೇರ ದಾರಿಯಿಲ್ಲ, ವಕೀಲರಿಗೆ ಕೊಡಲು ಹಣವಿಲ್ಲ. ಅಂಗನವಾಡಿಯ ತಾಯಂದಿರಿಗೆ, ಪೌರಕಾರ್ಮಿಕರಿಗೆ, ಹಮಾಲರಿಗೆ ಇರುವುದೂ ಅಷ್ಟೇ: ಎರಡು ಕಾಲು, ಒಂದು ಗಂಟಲು ಮತ್ತು ಎಲ್ಲರದೂ ಆದ ಬೀದಿ. ಈ ಬೀದಿಯನ್ನೂ ಅವರಿಂದ ತೆಗೆದುಕೊಂಡರೆ ಅವರಿಗೆ ಉಳಿಯುವುದು ಮೌನವೊಂದೇ. ಮೌನ ಬಹಳ ದಿನ ಮೌನವಾಗಿ ಉಳಿಯುವುದಿಲ್ಲವೆಂಬುದನ್ನು ಈ ಜಿಲ್ಲೆ ಎರಡು ಸಲ ಕಂಡಿದೆ.

2008ರ ಜೂನ್ 10. ಮುಂಗಾರು ಬಿತ್ತನೆಯ ಹೊತ್ತು. ಗೊಬ್ಬರ ಸಿಗದೆ ಕಂಗಾಲಾದ ರೈತರು ಹಾವೇರಿಯಲ್ಲಿ ಬೀದಿಗಿಳಿದರು. ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಗೊಬ್ಬರ ಕೇಳಲು ಬಂದವರಿಗೆ ಗುಂಡು ಸಿಕ್ಕಿತೆಂಬ ಮಾತು ಅಂದಿನಿಂದ ಈ ನಾಡಿನ ಬಾಯಲ್ಲಿ ನಿಂತಿದೆ.

2024ರ ಮಾರ್ಚ್ 11. ಸೋಮವಾರ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರಿನ ದಿನ. ಲಕ್ಷಗಟ್ಟಲೆ ಚೀಲ ಬಂದು ಬಿದ್ದಿದ್ದವು. ನಮ್ಮ ಜಿಲ್ಲೆಯ ರೈತರಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರ, ತೆಲಂಗಾಣಗಳಿಂದ ಲಾರಿ ಬಾಡಿಗೆ ಕೊಟ್ಟು ಬಂದವರೂ ಇದ್ದರು. ಹಿಂದಿನ ವಾರಕ್ಕಿಂತ ದರ ತೀರ ಕುಸಿದದ್ದನ್ನು ಕಂಡ ರೈತರು ಹೌಹಾರಿದರು. ಕೇಳಲು ಹೋದರೆ ಸಮಾಧಾನದ ಉತ್ತರ ಸಿಗಲಿಲ್ಲ. ಸಿಟ್ಟು ನೆತ್ತಿಗೇರಿತು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ಕಲ್ಲು ತೂರಿದರು, ವಾಹನಗಳಿಗೆ ಬೆಂಕಿಯಿಟ್ಟರು. ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಪೋಲೀಸರಿಗೂ ಏಟು ಬಿತ್ತು. ಆಮೇಲೆ ಬಂಧನಗಳು, ಮೊಕದ್ದಮೆಗಳು.

ಈ ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ನಾವು ಹೇಳುತ್ತೇವೆ. ಮೊದಲನೆಯದರಲ್ಲಿ ತಪ್ಪು ಸರಕಾರದ ಬಂದೂಕಿನದು. ಎರಡನೆಯದರಲ್ಲಿ ಬೆಂಕಿ ಹಚ್ಚಿದ ಕೈ ಜನರದು. ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ, 'ಆದರೆ' ಎಂಬ ಬಾಲವನ್ನೂ ಅದಕ್ಕೆ ಜೋಡಿಸುವುದಿಲ್ಲ. ಸುಟ್ಟ ವಾಹನದಿಂದ ಒಂದು ಕ್ವಿಂಟಲ್ ಮೆಣಸಿನಕಾಯಿಗೆ ಒಂದು ರೂಪಾಯಿಯೂ ಹೆಚ್ಚು ಬರಲಿಲ್ಲ. ಮಾರುಕಟ್ಟೆಯ ಕೆಲಸ ಕೆಟ್ಟರೆ ಮೊದಲು ಕೂಲಿ ತಪ್ಪುವುದು ಹಮಾಲರಿಗೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ. ಎಂದಾದರೂ ಎರಡೂ ದಿನಗಳ ಬೇರು ಒಂದೇ. ಹೊತ್ತಿಗೆ ಸರಿಯಾಗಿ ಅಹವಾಲು ಕೇಳುವ ಮನುಷ್ಯ ಅಲ್ಲಿ ಇರಲಿಲ್ಲ. ಅಷ್ಟು ಚೀಲ ಬರುವುದೆಂದು ಮೊದಲೇ ಬಲ್ಲ ಮಾರುಕಟ್ಟೆಯಲ್ಲಿ, ದರ ಬಿದ್ದರೆ ರೈತ ಯಾರ ಮುಂದೆ ನಿಂತು ಮಾತಾಡಬೇಕು ಎಂಬುದು ಗೊತ್ತಾಗಿರಲಿಲ್ಲ. ಮಾತಿಗೆ ಜಾಗವಿಲ್ಲದ ಕಡೆ ಕಲ್ಲಿಗೆ ಜಾಗ ಸಿಗುತ್ತದೆ. ಅಂಗಡಿಕಾರರು ಪ್ರತಿಭಟನೆಗೆ ಅಂಜಿ ಅದನ್ನು ಊರಾಚೆ ಅಟ್ಟಿರೆಂದು ಕೇಳುವಾಗ ಈ ಪಾಠವನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ? ನಮ್ಮ ರಾಜ್ಯಘಟನೆಯ 19ನೆಯ ಕಲಮು ಒಂದೇ ಉಸಿರಿನಲ್ಲಿ ಮೂರು ಹಕ್ಕುಗಳನ್ನು ಹೇಳುತ್ತದೆ: ಮಾತಾಡುವ ಹಕ್ಕು, ಆಯುಧವಿಲ್ಲದೆ ಶಾಂತವಾಗಿ ಸಭೆ ಸೇರುವ ಹಕ್ಕು, ಉದ್ಯೋಗ ವ್ಯಾಪಾರ ಮಾಡುವ ಹಕ್ಕು. ಪ್ರತಿಭಟನಾಕಾರನ ಹಕ್ಕೂ ಅಂಗಡಿಕಾರನ ಹಕ್ಕೂ ಒಂದೇ ತಾಯಿಯ ಮಕ್ಕಳು. ಮೂರಕ್ಕೂ ನ್ಯಾಯೋಚಿತ ಮಿತಿಗಳನ್ನು ಅದೇ ಕಲಮು ಒಪ್ಪಿದೆ. ಆದ್ದರಿಂದ ಯಾರೊಬ್ಬರೂ 'ನನ್ನ ಹಕ್ಕು ಮೂಲಭೂತ, ನಿನ್ನದು ಉಪದ್ರವ' ಎಂದು ಹೇಳುವಂತಿಲ್ಲ.

ಬೀದಿಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 1972ರಲ್ಲಿಯೇ ನೋಡಿತು. ಅಹಮದಾಬಾದಿನ ಹಿಮತ್‌ಲಾಲ್ ಷಾ ಎಂಬವರಿಗೆ ಸಾರ್ವಜನಿಕ ಬೀದಿಯಲ್ಲಿ ಸಭೆ ನಡೆಸಲು ಪೋಲೀಸರು ಅಪ್ಪಣೆ ನಿರಾಕರಿಸಿದ್ದರು. ಆ ಪೋಲೀಸ್ ನಿಯಮ ಹುಟ್ಟಿದ್ದು 1951ರ ಮುಂಬಯಿ ಪೋಲೀಸ್ ಕಾಯಿದೆಯ ಕೆಳಗೆ. 1956ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕುಗಳೂ ಮುಂಬಯಿ ರಾಜ್ಯದವೇ ಆಗಿದ್ದುದರಿಂದ ನಮ್ಮ ಹಿರಿಯರಿಗೂ ಆ ಕಾಯಿದೆಯ ಪರಿಚಯವಿತ್ತು. ಕೋರ್ಟು ಹೇಳಿದ ತಾತ್ಪರ್ಯವಿಷ್ಟು: ಬೀದಿಯಲ್ಲಿ ಸಭೆಯನ್ನು ಕ್ರಮಪಡಿಸಬಹುದು, ಯಾವ ಆಧಾರವನ್ನೂ ಹೇಳದೆ ಅಧಿಕಾರಿಯ ಮನಬಂದಂತೆ ಬೇಡವೆನ್ನುವ ಅಧಿಕಾರ ಸಲ್ಲದು. ಕ್ರಮಪಡಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ.

ಅದಕ್ಕೂ ಮೊದಲು 1960ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರ ಮೊಕದ್ದಮೆ ಬಂದಿತ್ತು. ಹೆಚ್ಚಿಸಿದ ಕಾಲುವೆ ನೀರಿನ ಕರವನ್ನು ಕೊಡಬೇಡಿರೆಂದು 1954ರಲ್ಲಿ ಉತ್ತರ ಪ್ರದೇಶದ ರೈತರಿಗೆ ಹೇಳಿದ್ದು ಅವರ ಅಪರಾಧ. ಬ್ರಿಟಿಷರ ಕಾಲದ, 1932ರ ಕಾಯಿದೆಯೊಂದರ ಕೆಳಗೆ ಅವರ ಮೇಲೆ ಆರೋಪ ಹೊರಿಸಲಾಗಿತ್ತು. ಸುಪ್ರೀಂ ಕೋರ್ಟು ಆ ಕಲಮನ್ನು ಎತ್ತಿಹಿಡಿಯಲಿಲ್ಲ. ಮಾತಿಗೂ ಶಾಂತಿಭಂಗಕ್ಕೂ ಹತ್ತಿರದ ಸಂಬಂಧವಿರಬೇಕು, ಎಲ್ಲೋ ದೂರದ ಊಹೆಯ ಸಂಬಂಧ ಸಾಲದೆಂದು ತೀರ್ಮಾನಿಸಿತು. ಧರಣಿಯಾದರೆ ವ್ಯಾಪಾರ ಕಡಿಮೆಯಾದೀತು, ಜನ ಸೇರಿದರೆ ಗಲಾಟೆ ಆದೀತು ಎಂಬ 'ಆದೀತು'ಗಳ ಮೇಲೆ ಬಾಯಿ ಕಟ್ಟುವ ಅಧಿಕಾರಿಗಳು ಈ ತೀರ್ಪನ್ನು ಒಮ್ಮೆ ಓದಿದರೆ ಒಳ್ಳೆಯದು.

ಹಾಗೆಂದು ಕೋರ್ಟುಗಳು ಪಕ್ಕದವರ ಕಷ್ಟವನ್ನು ಮರೆತಿಲ್ಲ. ದಿಲ್ಲಿಯ ಜಂತರ್ ಮಂತರಿನಲ್ಲಿ ಸದಾ ನಡೆಯುವ ಧರಣಿಗಳ ಗದ್ದಲದಿಂದ ನಿದ್ದೆಗೆಟ್ಟ ನಿವಾಸಿಗಳು ದೂರು ಕೊಟ್ಟರು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ಅಲ್ಲಿ ಧರಣಿಯೇ ಕೂಡದೆಂದಿತು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. 2018ರ ಜುಲೈಯಲ್ಲಿ ಬಂದ ತೀರ್ಪು ಪೂರ್ಣ ನಿಷೇಧ ಸಲ್ಲದೆಂದು ಹೇಳಿತು. ನಿವಾಸಿಗಳ ನೆಮ್ಮದಿಯ ಹಕ್ಕನ್ನೂ ಒಪ್ಪಿ, ಎರಡನ್ನೂ ಕಾಯುವ ನಿಯಮ ಮಾಡಿರೆಂದು ಪೋಲೀಸರಿಗೆ ಅಪ್ಪಣೆ ಕೊಟ್ಟಿತು. ಶಾಹೀನ್ ಬಾಗಿನ ವಿಷಯದಲ್ಲಿ 2020ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂಡ್ರುವಂತಿಲ್ಲ ಎಂದಿತು. ಬಂದಿನ ವಿಷಯದಲ್ಲಂತೂ 1997ರಲ್ಲಿಯೇ ಕೇರಳ ಹೈಕೋರ್ಟು ಕಟುವಾಗಿ ಮಾತಾಡಿತ್ತು. ಮನಸ್ಸಿದ್ದವರು ಬಾಗಿಲು ಮುಚ್ಚುವುದು ಬೇರೆ, ಇನ್ನೊಬ್ಬನ ಬಾಗಿಲನ್ನು ಬೆದರಿಸಿ ಮುಚ್ಚಿಸುವುದು ಬೇರೆ, ಎರಡನೆಯದು ಕಾನೂನುಬಾಹಿರ. ಸುಪ್ರೀಂ ಕೋರ್ಟು ಅದೇ ವರ್ಷ ಈ ತೀರ್ಪನ್ನು ಎತ್ತಿಹಿಡಿಯಿತು.

ನಮ್ಮ ಅಭಿಪ್ರಾಯ ಸ್ಪಷ್ಟ. ಕಲ್ಲಿನ ಅಂಜಿಕೆಯಿಂದ ಮುಚ್ಚಿದ ನೂರು ಅಂಗಡಿಗಳಿಗಿಂತ, ಮಾತಿಗೆ ಒಪ್ಪಿ ಮುಚ್ಚಿದ ಹತ್ತು ಅಂಗಡಿಗಳು ಚಳವಳಿಗೆ ಹೆಚ್ಚಿನ ಬಲ. ಇದು ಕೋರ್ಟು ಕಲಿಸಿದ ಪಾಠವೇನಲ್ಲ, ನಮ್ಮ ಮಣ್ಣಿನದು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಹಿಂದೆ ದಂಡಿಗೆ ನಡೆದವರು. ಆ ಚಳವಳಿಯ ಕಾಲಕ್ಕೆ ದೇಶದ ಊರೂರಲ್ಲಿ ಸ್ವಯಂಸೇವಕರು ಹೆಂಡದ ಅಂಗಡಿ, ಪರದೇಶಿ ಅರಿವೆಯ ಅಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ಮಾಡಿದರು. ಅಂಗಡಿಯ ಬಾಗಿಲೇ ಆಗ ಹೋರಾಟದ ಕಣ. 1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾದಾಗ ಈ ಪಿಕೆಟಿಂಗಿಗೂ ಕಟ್ಟಳೆಯಾಯಿತು. ಒತ್ತಾಯ ಕೂಡದು, ಬೆದರಿಕೆ ಕೂಡದು, ಯಾರನ್ನೂ ತಡೆಹಿಡಿಯಕೂಡದು, ಹಾದಿಹೋಕರಿಗೆ ಅಡ್ಡಿ ಮಾಡಕೂಡದು; ಹೀಗಿದ್ದರೆ ನಡೆಯಬಹುದು. ಸೂರ್ಯ ಮುಳುಗದ ಸಾಮ್ರಾಜ್ಯವೇ ಈ ಷರತ್ತಿನ ಮೇಲೆ ಅಂಗಡಿಯ ಮುಂದಿನ ಪ್ರತಿಭಟನೆಯನ್ನು ಒಪ್ಪಿತ್ತು. ಸ್ವತಂತ್ರ ಭಾರತದ ಒಬ್ಬ ಅಧಿಕಾರಿ ಅದಕ್ಕಿಂತ ಕಡಿಮೆ ಕೊಡುವುದು ನಾಚಿಕೆಗೇಡು. ಸ್ವತಂತ್ರ ಭಾರತದ ಒಬ್ಬ ಚಳವಳಿಗಾರ ಆ ಷರತ್ತನ್ನು ಮೀರುವುದೂ ನಾಚಿಕೆಗೇಡು.

ಈಗ ಬೆಂಗಳೂರಿನ ಮದ್ದನ್ನು ನಮ್ಮ ಊರುಗಳಿಗೂ ಹಾಕಬೇಕೆಂಬ ಸಲಹೆಯನ್ನು ನೋಡೋಣ. ಬೆಂಗಳೂರು ನಗರಕ್ಕೆಂದು 2021ರಲ್ಲಿ ಬಂದ ಆದೇಶದಂತೆ ಧರಣಿ ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿನಲ್ಲಿಯೇ ನಡೆಯಬೇಕು. ಅದನ್ನು ಕಟ್ಟುನಿಟ್ಟಾಗಿ ನಡೆಸಿರೆಂದು ಹೈಕೋರ್ಟೂ ಹೇಳಿತು. ಕೋಟಿ ಜನರಿರುವ ನಗರದ ವಾಹನಗಳ ಇಕ್ಕಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಆ ಪಾರ್ಕು ಹಿಂದೆ ಏನಾಗಿತ್ತು? ಬೆಂಗಳೂರಿನ ಕೇಂದ್ರ ಕಾರಾಗೃಹ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ನಮ್ಮ ಸಮಾಜವಾದಿ ಮಧು ದಂಡವತೆ ಮೊದಲಾದವರನ್ನು ಕೂಡಿಹಾಕಿದ್ದ ಜಾಗ. ಅಂದು ಮಾತಾಡಿದವರನ್ನು ಇಟ್ಟ ಗೋಡೆಗಳ ನಡುವೆಯೇ ಇಂದು ಮಾತಾಡಬೇಕು! ಅಲ್ಲಿ ಕೂಗಿದವನನ್ನು ಯಾರೂ ಹೊಡೆಯುವುದಿಲ್ಲ. ಯಾರೂ ಕೇಳಿಸಿಕೊಳ್ಳುವುದೂ ಇಲ್ಲ.

ಹಾವೇರಿಯ ಸ್ಥಿತಿ ಇನ್ನೂ ವಿಚಿತ್ರ. ಜಿಲ್ಲಾಧಿಕಾರಿಗಳ ಕಚೇರಿಯಿರುವುದು ಊರ ಹೊರಗೆ ದೇವಗಿರಿಯ ಜಿಲ್ಲಾಡಳಿತ ಭವನದಲ್ಲಿ. ಅಲ್ಲಿಯೇ ಕೂತರೆ ಅಧಿಕಾರಿಗಳಿಗೆ ಕೇಳೀತು, ಜನರಿಗೆ ಕೇಳದು. ಸಿದ್ದಪ್ಪ ವೃತ್ತದಲ್ಲಿಯೇ ಕೂತರೆ ಜನರಿಗೆ ಕೇಳೀತು, ಅಧಿಕಾರಿಗಳಿಗೆ ಕೇಳದು. ಪ್ರತಿಭಟನೆಗಳು ಪೇಟೆಯಲ್ಲಿ ಗಂಟೆಗಟ್ಟಲೆ ಎಳೆಯುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಅಂಗಡಿಕಾರರು ಗಮನಿಸಿಲ್ಲ. ಮನವಿ ತೆಗೆದುಕೊಳ್ಳುವ ಅಧಿಕಾರಿ ಬರುವವರೆಗೆ ಜನ ಏಳುವುದಿಲ್ಲ. ಅವರು ಬರುವುದು ತಡ. ವ್ಯಾಪಾರ ಕೆಡಿಸಿದವರು ಕೂತವರೋ, ಬಾರದವರೋ?

ಹಾಗೆಯೇ, ಜನ ಸೇರುವರೆಂಬ ಸುಳಿವು ಸಿಕ್ಕೊಡನೆ ಪ್ರತಿಬಂಧಕಾಜ್ಞೆ ಹೊರಡಿಸುವ ಹಳೆಯ ಚಾಳಿ. 144ನೆಯ ಕಲಮು ಈಗ ಹೊಸ ಸಂಹಿತೆಯಲ್ಲಿ 163 ಎಂಬ ಅಂಗಿ ತೊಟ್ಟಿದೆ. ಒಳಗಿನ ಮೈ ಅದೇ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯಿದೆಯ ವಿರುದ್ಧದ ಪ್ರತಿಭಟನೆಗಳ ಹೊತ್ತಿಗೆ ಬೆಂಗಳೂರಿನಲ್ಲಿ ಹೊರಡಿಸಿದ ಇಂಥ ಆಜ್ಞೆಯನ್ನು ನಮ್ಮ ಹೈಕೋರ್ಟು 2020ರ ಫೆಬ್ರುವರಿಯಲ್ಲಿ ಕಾನೂನಿಗೆ ವಿರುದ್ಧವೆಂದು ಹೇಳಿತು. ಅದೇ ವರ್ಷದ ಜನವರಿಯಲ್ಲಿ, ಕಾಶ್ಮೀರದ ನಿರ್ಬಂಧಗಳ ಮೊಕದ್ದಮೆಯಲ್ಲಿ, ನ್ಯಾಯವಾದ ಅಭಿಪ್ರಾಯವನ್ನು ಅಡಗಿಸಲು ಈ ಅಧಿಕಾರವನ್ನು ಬಳಸುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತ್ತು. ಅಂಗಡಿಕಾರರ ದೂರನ್ನು ನೆಪಮಾಡಿಕೊಂಡು ಇಂಥ ಆಜ್ಞೆ ಹೊರಡಿಸಿದರೆ ಅದರಿಂದ ಅಂಗಡಿಕಾರರಿಗೇ ಹಾನಿ. ನಾಲ್ಕು ಜನ ಕೂಡಬಾರದೆಂದ ಊರಿಗೆ ಗಿರಾಕಿಯೂ ಬರುವುದಿಲ್ಲ.

ಬರಿಯ ಟೀಕೆಯಿಂದ ಕೆಲಸವಾಗದು. ನಮ್ಮ ಮೂರು ಊರುಗಳಿಗೆ ಒಪ್ಪುವಂಥ ಒಂದು ಕರಾರನ್ನು ನಾವು ಸೂಚಿಸುತ್ತೇವೆ.

ಚಳವಳಿ ಹೂಡುವವರು ಪಾಲಿಸಬೇಕಾದದ್ದು ಇಷ್ಟು. ಮೆರವಣಿಗೆಯ ದಾರಿಯನ್ನೂ ವೇಳೆಯನ್ನೂ ಪೋಲೀಸರಿಗೆ ಮಾತ್ರವಲ್ಲ, ಆ ಬೀದಿಯ ವರ್ತಕರಿಗೂ ಬೀದಿ ವ್ಯಾಪಾರಿಗಳಿಗೂ ಮುಂಚಿತವಾಗಿ ತಿಳಿಸಬೇಕು. ರಸ್ತೆಯ ಒಂದು ಮಗ್ಗುಲನ್ನು ಹಿಡಿದು ಇನ್ನೊಂದನ್ನು ಬಿಡಬೇಕು. ಅಂಗಡಿಯ ಮೆಟ್ಟಿಲ ಮೇಲೆ ಕೂಡ್ರಬಾರದು. ಆಸ್ಪತ್ರೆ, ಔಷಧಿ ಅಂಗಡಿ, ಶಾಲೆಗಳ ದಾರಿ ಯಾವಾಗಲೂ ತೆರೆದಿರಬೇಕು. ಧ್ವನಿವರ್ಧಕವನ್ನು ಅಂಗಡಿಗಳ ಕಡೆಗೆ ತಿರುಗಿಸಬಾರದು. ವ್ಯಾಪಾರದ ಪ್ರದೇಶದಲ್ಲಿ ಹಗಲು 65 ಡೆಸಿಬಲ್ ಎಂಬ ಮಿತಿ 2000ದ ನಿಯಮದಲ್ಲಿಯೇ ಇದೆ. ಸಂತೆಯ ದಿನ ಊರ ನಡುವೆ ರಸ್ತೆ ತಡೆಯಬಾರದು, ಏಕೆಂದರೆ ಅಂದು ತಡೆಯಾಗುವವನು ಹಳ್ಳಿಯಿಂದ ಬಂದ ರೈತನೇ. ಪ್ರತಿ ಐವತ್ತು ಜನಕ್ಕೆ ಒಬ್ಬ ಸ್ವಯಂಸೇವಕನಿದ್ದು, ಕಲ್ಲೆತ್ತಿದ ಕೈಯನ್ನು ಪೋಲೀಸರಿಗಿಂತ ಮೊದಲು ಅವನೇ ಹಿಡಿಯಬೇಕು. ಆಸ್ತಿ ಹಾಳು ಮಾಡಿದವರ ಮೇಲೆ 1981ರ ಕರ್ನಾಟಕದ ಕಾಯಿದೆಯೂ 1984ರ ಕೇಂದ್ರದ ಕಾಯಿದೆಯೂ ಇವೆಯೆಂಬುದು ಎಲ್ಲರಿಗೂ ನೆನಪಿರಲಿ. ಕಾಯಿದೆಯ ಅಂಜಿಕೆಗಿಂತ ಹೆಚ್ಚಾಗಿ ಸ್ವಂತ ಮರ್ಯಾದೆಯ ಅಂಜಿಕೆ ಇರಲಿ.

ಅಧಿಕಾರಿವರ್ಗ ಮಾಡಬೇಕಾದದ್ದು ಇಷ್ಟು. ಪ್ರತಿ ಊರಿನಲ್ಲಿ ಪೇಟೆಯ ಕಣ್ಣಿಗೂ ಕಿವಿಗೂ ಬೀಳುವಂತೆ, ವಾಹನಗಳಿಗೆ ಅಡ್ಡಿಯಾಗದಂತೆ ಒಂದು ಜಾಗವನ್ನು ಗುರುತಿಸಿ ಅಲ್ಲಿ ನೆರಳು, ನೀರು, ಶೌಚಾಲಯಗಳ ಏರ್ಪಾಡು ಮಾಡಬೇಕು. ಅಲ್ಲಿಯೇ ಕೂಡ್ರಬೇಕೆಂದು ಕಟ್ಟುಮಾಡಬಾರದು. ಅಪ್ಪಣೆ ಕೊಡುವುದಿಲ್ಲವಾದರೆ ಕಾರಣವನ್ನು ಬರಹದಲ್ಲಿ ಒಂದು ದಿನದೊಳಗೆ ಕೊಡಬೇಕು. ಧರಣಿ ಕೂತ ಒಂದು ತಾಸಿನೊಳಗೆ ಹೊಣೆಯುಳ್ಳ ಒಬ್ಬ ಅಧಿಕಾರಿ ಬಂದು ಮನವಿ ಕೇಳಬೇಕು. ಈ ಒಂದು ನಿಯಮ ನಡೆದರೆ ಅಂಗಡಿಕಾರರ ದೂರಿನ ಅರ್ಧ ತಾನಾಗಿ ತೀರುತ್ತದೆ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರಗಳ ಟೆಂಡರಿನ ದಿನ ದರದ ತಕರಾರನ್ನು ಅಲ್ಲಿಯೇ ಕೇಳಿ ಬರಹದಲ್ಲಿ ಉತ್ತರ ಕೊಡುವ ಅಧಿಕಾರಿಯೊಬ್ಬ, ಅವನ ಮಗ್ಗುಲಲ್ಲಿ ರೈತರ ಪ್ರತಿನಿಧಿಯೊಬ್ಬ ಮಾರುಕಟ್ಟೆಯ ಅಂಗಳದಲ್ಲಿ ಕೂತಿರಬೇಕು. ತೆಲುಗು ಬಲ್ಲವನೊಬ್ಬನೂ ಇರಲಿ; ಆಂಧ್ರದಿಂದ ಬಂದ ರೈತನಿಗೂ ತನ್ನ ಮಾತಿನಲ್ಲಿ ಕೇಳುವ ಹಕ್ಕಿದೆ.

ಅಂಗಡಿಕಾರ ಬಂಧುಗಳಿಗೆ ಕೊನೆಯ ಮಾತು. ನಿಮಗೆ ತೆರೆದ ಬಾಗಿಲಿನ ಹಕ್ಕಿದೆ, ಹೆದರಿಕೆಯಿಲ್ಲದೆ ವ್ಯಾಪಾರ ಮಾಡುವ ಹಕ್ಕಿದೆ. ಅದನ್ನು ಮುರಿದವನು ಯಾವ ಬಣ್ಣದ ಬಾವುಟ ಹಿಡಿದಿದ್ದರೂ ನಾವು ನಿಮ್ಮ ಪರವಾಗಿ ನಿಲ್ಲುತ್ತೇವೆ. ಆದರೆ ಬೀದಿಯಲ್ಲಿ ಎಂದೂ ಸದ್ದಾಗಬಾರದೆಂಬ ಹಕ್ಕು ಯಾವ ಕಾನೂನಿನಲ್ಲಿಯೂ ಇಲ್ಲ. ಗಣಪತಿಯ ಮೆರವಣಿಗೆಗೆ, ಜಾತ್ರೆಯ ತೇರಿಗೆ, ಚುನಾವಣೆಯ ಗದ್ದಲಕ್ಕೆ ನೀವು ಅರ್ಧ ದಿನ ವ್ಯಾಪಾರ ಬಿಟ್ಟು ಕೊಡುತ್ತೀರಿ. ಮಂತ್ರಿಗಳು ಬಂದರೆ ಪೋಲೀಸರೇ ನಿಮ್ಮ ಬೀದಿಗೆ ಅಡ್ಡಗೋಲು ಹಾಕುತ್ತಾರೆ. ಆಗ ನೀವು ದೂರುವುದಿಲ್ಲ. ಬೆಲೆ ಸಿಗದ ರೈತನಿಗೆ ಎರಡು ತಾಸು ಕೊಡುವುದು ಮಾತ್ರ ಯಾಕೆ ಭಾರವಾಗಬೇಕು?

ಆ ರೈತ ಯಾರೆಂಬುದನ್ನೂ ಯೋಚಿಸಿರಿ. 2025–26ರ ಹಂಗಾಮಿಗೆ ಗೋವಿನಜೋಳಕ್ಕೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಸುಗ್ಗಿಯಲ್ಲಿ ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು; ಈ ಭಾಗದ ರೈತರು ಬೀದಿಗಿಳಿದದ್ದು ಆ ಅಂತರಕ್ಕಾಗಿ. ಆ ಅಂತರದ ಹಣ ರೈತನ ಕೈಗೆ ಬಂದರೆ ಅವನು ಅದನ್ನು ಬೆಂಗಳೂರಿಗೆ ಒಯ್ಯುವುದಿಲ್ಲ. ಮಗಳ ಮದುವೆಯ ಸೀರೆಯನ್ನು ರಾಣೇಬೆನ್ನೂರಿನಲ್ಲಿ ಕೊಳ್ಳುತ್ತಾನೆ, ಪಂಪಿನ ಸಾಮಾನನ್ನು ಹಾವೇರಿಯಲ್ಲಿ, ಬೀಜ ಗೊಬ್ಬರವನ್ನು ನಿಮ್ಮಲ್ಲಿಯೇ. ಅವನು ಸೋತ ವರ್ಷ ನಿಮ್ಮ ಉದ್ದರಿಯ ಪುಸ್ತಕ ದಪ್ಪವಾಗುತ್ತದೆ, ಗಲ್ಲೆ ಬರಿದಾಗುತ್ತದೆ. ಧರಣಿಯ ಒಂದು ದಿನದ ನಷ್ಟವನ್ನು ಲೆಕ್ಕ ಹಾಕುವವರು ಬೆಲೆ ಬಿದ್ದ ಒಂದು ವರ್ಷದ ನಷ್ಟವನ್ನೂ ಅದೇ ಪುಸ್ತಕದಲ್ಲಿ ಬರೆದು ನೋಡಲಿ.

ವರ್ತಕರ ಸಂಘಗಳು, ರೈತ ಸಂಘಟನೆಗಳು, ಹಮಾಲರ ಮತ್ತು ಬೀದಿ ವ್ಯಾಪಾರಿಗಳ ಸಂಘಗಳು ಮೂರೂ ಊರುಗಳಲ್ಲಿ ಒಂದೊಂದು ದಿನ ಒಟ್ಟಿಗೆ ಕೂತು ಮೇಲಿನ ಕರಾರನ್ನು ತಿದ್ದಿ, ಒಪ್ಪಿ, ಸಹಿ ಹಾಕಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಪೋಲೀಸರು ಮಾಡುವ ನಿಯಮಕ್ಕಿಂತ ನಾವೇ ಮಾಡಿಕೊಂಡ ನಿಯಮ ಹೆಚ್ಚು ದಿನ ಬಾಳುತ್ತದೆ. ಮುಂದಿನ ಮೆಣಸಿನಕಾಯಿ ಹಂಗಾಮು ಶುರುವಾಗುವ ಮೊದಲೇ ಈ ಕೆಲಸವಾಗಲಿ.